ನುಡಿ, ಇಸ್ಕಿ ಕಾಲದ ಕಡತಗಳನ್ನು ಹೊಸ ಎಡಿಟರ್‌ನಲ್ಲಿ ತೆರೆಯುವ ಬಗೆ

ಪ್ರಶ್ನೆ: ಕನ್ನಡಕ್ಕಾಗಿ ಒಂದು ಟೆಕ್ಸ್ಟ್ ಎಡಿಟರ್ ರೂಪಿಸುತ್ತಿದ್ದೇನೆ. ಯೂನಿಕೋಡ್ ಕಡತಗಳು ಸರಿಯಾಗಿಯೇ ತೆರೆಯುತ್ತವೆ. ಹಳೆಯ ಕಡತಗಳಿಗಾಗಿ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ದಾಖಲಿಸುವ ಪದ್ಧತಿಗಳ) ಪಟ್ಟಿಗೆ ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿಯಾದ ಇಸ್ಕಿ ಮತ್ತು ಕನ್ನಡ ಬರೆಯುವ ತಂತ್ರಾಂಶವಾದ ನುಡಿ ಎಂಬ ಎರಡು ಹೆಸರುಗಳನ್ನು ಸೇರಿಸಿದರೆ ಸಾಕೇ?

ಉತ್ತರ: ಇಸ್ಕಿಯನ್ನು ಅವಶ್ಯವಾಗಿ ಸೇರಿಸಿ. ಆದರೆ ಯೂನಿಕೋಡ್‌ಗೆ ಮುಂಚಿನ ನುಡಿ ಕಡತಗಳನ್ನು ಆ ಪಟ್ಟಿಯಿಂದ ಹೊರಗಿಡುವುದೇ ಸರಿ.

1991ರ ಐಎಸ್ 13194 ಮಾನಕದ ಇಸ್ಕಿಯಲ್ಲಿ ಪ್ರತಿ ಬೈಟ್ (0ಯಿಂದ 255ರವರೆಗಿನ ಒಂದು ಸಂಖ್ಯೆ) ಒಂದು ಅಕ್ಷರವನ್ನು ಸೂಚಿಸುತ್ತದೆಯಾದರೂ ಅದು ಯಾವ ಲಿಪಿಯದೆಂದು ಹೇಳುವುದಿಲ್ಲ. 179 ಎಂಬುದು ಕನ್ನಡದ ‘ಕ’ ಆಗಿರಬಹುದು, ತೆಲುಗಿನದೂ ಆಗಿರಬಹುದು. ಲಿಪಿ ಬದಲಿಸುವ ಸಂಕೇತ 239 ಕಡತದಲ್ಲಿ ಇಲ್ಲದಿದ್ದರೆ ಲಿಪಿಯನ್ನು ಬಳಕೆದಾರರಿಂದಲೇ ಕೇಳಿ ತಿಳಿಯಬೇಕು. 232 ಹಲಂತ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ) ಆದರೂ ಅದರ ಬೆನ್ನಲ್ಲೇ ಇನ್ನೊಂದು 232 ಬಂದರೆ ಒತ್ತಕ್ಷರ ಕೂಡದಂತೆ ತಡೆಯಬೇಕೆಂದು ಅರ್ಥ. ಆದ್ದರಿಂದ ದೊಡ್ಡ ಕಡತವನ್ನು ತುಂಡುತುಂಡಾಗಿ ಓದುವಾಗ ತುಂಡಿನ ಕೊನೆಯ ಬೈಟ್ ಹಲಂತವಾಗಿದ್ದರೆ ಮುಂದಿನದನ್ನು ನೋಡುವವರೆಗೂ ನಿರ್ಧರಿಸಬಾರದು. ಯೂನಿಕೋಡ್ ಕೆಲಸಗಳಿಗಾಗಿ ಇರುವ ಐಸಿಯು ಎಂಬ ಪ್ರೋಗ್ರಾಂ ಲೈಬ್ರರಿಯಲ್ಲಿ ಇಸ್ಕಿಯ ಪರಿವರ್ತಕ ಸಿದ್ಧವಾಗಿಯೇ ಇದೆ. ಹೊಸದಾಗಿ ಬರೆಯುವ ಶ್ರಮ ಬೇಡ.

ನುಡಿಯ ಸಂಗತಿ ಬೇರೆ. ಅಲ್ಲಿ ಬೈಟ್‌ಗಳು ಅಕ್ಷರಗಳನ್ನಲ್ಲ, ಫಾಂಟ್‌ನ ಆಕೃತಿಗಳನ್ನು ಸೂಚಿಸುತ್ತವೆ. ‘ಕರ್ನಾಟಕ’ ಎಂಬುದು 80, 192, 163, 193, 240, 108, 80, 192 ಎಂದು ದಾಖಲಾಗಿರುತ್ತದೆ: 80 ತಲಕಟ್ಟಿಲ್ಲದ ಕ, 192 ತಲಕಟ್ಟು, 240 ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಂತೆ ಅರ್ಕಾವತ್ತು ‘ನಾ’ ಆದ ಮೇಲೆ ಬಂದಿದೆ. ಯೂನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಅದಕ್ಕೆ ಮುಂಚೆ ಬರಬೇಕು. ಹೀಗಾಗಿ ಬರೀ ಕೋಷ್ಟಕ ಸಾಲದು, ಇಡೀ ಅಕ್ಷರಗುಚ್ಛವನ್ನು ಗುರುತಿಸಿ ಸ್ಥಾನ ಬದಲಿಸುವ ನಿಯಮವೂ ಬೇಕು.

ಇದಕ್ಕಿಂತ ದೊಡ್ಡ ತೊಡಕೆಂದರೆ, 80 ಇಂಗ್ಲಿಷಿನ ದೊಡ್ಡ ‘ಪಿ’ ಕೂಡ ಹೌದು. ವರ್ಡ್ ಕಡತದಲ್ಲಿ ಫಾಂಟ್‌ನ ಹೆಸರು ನೋಡಿ ಇಂಗ್ಲಿಷ್ ಭಾಗವನ್ನು ಬಿಡಬಹುದು. ಸರಳ ಪಠ್ಯದಲ್ಲಿ ಆ ಮಾಹಿತಿಯೇ ಉಳಿದಿರುವುದಿಲ್ಲ. ಇಡೀ ಕಡತವನ್ನು ಯಾಂತ್ರಿಕವಾಗಿ ಪರಿವರ್ತಿಸಿದರೆ ನಡುವೆ ಬಂದ ಇಂಗ್ಲಿಷ್ ಹೆಸರು, ವಿಳಾಸಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ದಶಕಗಳ ಕನ್ನಡ ಬರವಣಿಗೆ ಈ ರೂಪದಲ್ಲಿ ಉಳಿದಿರುವಾಗ ಅಂಥ ಹಾನಿ ಸಣ್ಣದಲ್ಲ. ಆದಕಾರಣ ಕಡತವನ್ನು ವಿಂಡೋಸ್ 1252 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಸಂಕೇತ ಪದ್ಧತಿ) ಎಂದೇ ತೆರೆದು, ಬಳಕೆದಾರರು ಆಯ್ದ ಭಾಗವನ್ನು ಮಾತ್ರ ಪರಿವರ್ತಿಸುವ ಪ್ರತ್ಯೇಕ ಆಜ್ಞೆಯನ್ನು ಕೊಡಿ. ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳ ಕಡತಗಳಿಗೂ ಇದೇ ದಾರಿ.

ಎನ್‌ಕೋಡಿಂಗ್ ಪತ್ತೆಗೆ ಮೊದಲು ಕಡತವು ಯೂನಿಕೋಡ್ ಪಠ್ಯವನ್ನು ಉಳಿಸುವ ಸಾಮಾನ್ಯ ಪದ್ಧತಿಯಾದ ಯುಟಿಎಫ್-8ರ ನಿಯಮಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ಹೊಂದದಿದ್ದರೆ ಊಹಿಸಬೇಡಿ, ಕೇಳಿ.

ಉಳಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 2010ರಲ್ಲಿ ಬಂದ ರೂಪಾಯಿ ಚಿಹ್ನೆಗೆ ಇಸ್ಕಿಯಲ್ಲಿ ಸ್ಥಾನವಿಲ್ಲ. ಅದನ್ನು ಸೇರಿಸಿದ ಕಡತವನ್ನು ಮತ್ತೆ ಇಸ್ಕಿಯಲ್ಲೇ ಉಳಿಸಲು ಹೊರಟಾಗ ಎಡಿಟರ್ ಸದ್ದಿಲ್ಲದೆ ಪ್ರಶ್ನಾರ್ಥಕ ಚಿಹ್ನೆ ಬರೆಯದೆ, ಆ ಸಾಲನ್ನು ತೋರಿಸಿ, ಯುಟಿಎಫ್-8ರಲ್ಲಿ ಬೇರೆ ಹೆಸರಿನಿಂದ ಉಳಿಸಬಹುದೇ ಎಂದು ಕೇಳಬೇಕು.