ಬೆಲೆ ಹಲವು ಪಟ್ಟು, ಫೋಟೋ ಎಷ್ಟು ಪಟ್ಟು?

ಪ್ರಶ್ನೆ: ರೀಲ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುವ ಆಸೆ. ಸಣ್ಣದು ಸಾಕು. ಒಲಿಂಪಸ್ ಟ್ರಿಪ್ 35, ಎಕ್ಸ್‌ಎ, ಮ್ಯೂ-2 ನೋಡಿದ್ದೇನೆ. ಮ್ಯೂ-2ಗೆ ಟ್ರಿಪ್‌ನ ಹಲವು ಪಟ್ಟು ಬೆಲೆ ಹೇಳುತ್ತಾರೆ. ಫೋಟೋನೂ ಅಷ್ಟು ಪಟ್ಟು ಚೆನ್ನಾಗಿ ಬರುತ್ತಾ?

ಉತ್ತರ: ಖಂಡಿತ ಇಲ್ಲ. ತಮಾಷೆ ನೋಡಿ, ಮೂರೂ ಒಂದೇ ಕಂಪನಿಯವು, ಮೂರರ ಲೆನ್ಸೂ ಎಫ್ 2.8 (ಬೆಳಕು ಒಳಬಿಡುವ ಕಿಂಡಿಯ ಅಗಲದ ಅಳತೆ). ಒಳ್ಳೆ ಬಿಸಿಲಿನಲ್ಲಿ, ಒಂದೇ ಥರದ ರೀಲ್ ಹಾಕಿ ತೆಗೆದು ಪೋಸ್ಟ್‌ಕಾರ್ಡ್ ಸೈಜಿಗೆ ಪ್ರಿಂಟ್ ಹಾಕಿಸಿದರೆ ಯಾವುದು ಯಾವುದರದ್ದು ಅಂತ ಹೇಳೋಕೆ ನನಗಂತೂ ಆಗುವುದಿಲ್ಲ. ಮ್ಯೂ-2 ಬೆಲೆ ಏರಿದ್ದು ಜಾಸ್ತಿ ಹೆಸರಿನಿಂದ. ಫೋಕಸ್, ಬೆಳಕು, ರೀಲ್ ಸುತ್ತೋದು ಎಲ್ಲ ಅದೇ ನೋಡಿಕೊಳ್ಳುತ್ತದೆ, ನಿಜ. ಆದರೆ ಅದು 1997ರ ಪ್ಲಾಸ್ಟಿಕ್ ಕ್ಯಾಮೆರಾ, ಒಳಗೆಲ್ಲ ಎಲೆಕ್ಟ್ರಾನಿಕ್ಸ್. ಸರ್ಕ್ಯೂಟ್ ಹೋಯಿತೋ, ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಮ್ಯೂ-2ನ್ನೇ ಹುಡುಕಬೇಕು. ಇನ್ನೊಂದು ಕಿರಿಕಿರಿ, ಫ್ಲ್ಯಾಶ್ ಆಫ್ ಮಾಡಿಟ್ಟರೂ ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಆಟೋಗೆ ಬಂದಿರುತ್ತದೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಟ್ರಿಪ್. 1967ರಲ್ಲಿ ಬಂದದ್ದು, ಬ್ಯಾಟರಿಯೇ ಬೇಡ. ಲೆನ್ಸ್ ಸುತ್ತ ಜೇನುಗೂಡಿನ ಹಾಗೆ ಕಾಣುತ್ತದಲ್ಲ, ಅದು ಸೆಲೆನಿಯಂ ಸೆಲ್, ಬಿದ್ದ ಬೆಳಕಿನಿಂದಲೇ ಕೆಲಸ ಮಾಡುತ್ತದೆ. ಶಟರ್‌ಗೆ ಎರಡೇ ವೇಗ, 1/40 ಮತ್ತು 1/200 ಸೆಕೆಂಡ್. ಅದೂ ನೀವು ಆರಿಸುವಂತಿಲ್ಲ. ಕೊಳ್ಳುವ ಮುಂಚೆ ಲೆನ್ಸಿನ ರಿಂಗನ್ನು ‘ಎ’ಗೆ ಇಟ್ಟು, ರೀಲ್ ಸುತ್ತುವ ಚಕ್ರ ತಿರುಗಿಸಿ, ಲೆನ್ಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಗುಂಡಿ ಒತ್ತಿ. ವ್ಯೂಫೈಂಡರ್‌ನಲ್ಲಿ ಕೆಂಪು ಪಟ್ಟಿ ಮೇಲೇಳಬೇಕು, ಶಟರ್ ಬೀಳಬಾರದು. ಕೈ ತೆಗೆದು ಬೆಳಕಿಗೆ ಹಿಡಿದು ಒತ್ತಿದರೆ ಟಿಕ್ ಅನ್ನಬೇಕು. ಕತ್ತಲಲ್ಲೂ ಟಿಕ್ ಅಂದರೆ ಅಥವಾ ಬಿಸಿಲಲ್ಲೂ ಕೆಂಪು ಬಂದರೆ ಸುಮ್ನೆ ವಾಪಸ್ ಕೊಟ್ಟು ಬನ್ನಿ.

ಎಕ್ಸ್‌ಎ ನನ್ನ ಹತ್ತಿರ ಇದೆ, ಹಾಗಾಗಿ ಸ್ವಲ್ಪ ಪಕ್ಷಪಾತ. 1979ರದ್ದು, ಒಲಿಂಪಸ್‌ನ ಮೈತಾನಿ ಅನ್ನುವವರ ವಿನ್ಯಾಸ. ಇಷ್ಟು ಪುಟ್ಟದರಲ್ಲಿ ರೇಂಜ್‌ಫೈಂಡರ್ ತುಂಬಿಸಿದ್ದಾರೆ, ವ್ಯೂಫೈಂಡರ್‌ನಲ್ಲಿ ಎರಡಾಗಿ ಕಾಣುವ ಬಿಂಬ ಒಂದಾದರೆ ಫೋಕಸ್ ಸರಿ ಅಂತ. ಲೆನ್ಸಿನ ಕಿಂಡಿ ಪೂರ್ತಿ ತೆರೆದರೆ ಫೋಟೋದ ಮೂಲೆಗಳು ಮಬ್ಬಾಗುತ್ತವೆ. ಮೇಲಿನ ಕೆಂಪು ಚೌಕದ ಗುಂಡಿಗೆ ಬೆರಳು ಸೋಕಿದರೆ ಸಾಕು, ಫೋಟೋ ಬಿದ್ದೇಬಿಡುತ್ತದೆ. ನನ್ನ ಕಾಲಿನ ಚಿತ್ರಗಳೇ ಎಷ್ಟೋ ಇವೆ! ಎರಡು ಎಲ್‌ಆರ್44 ಸೆಲ್ ಬೇಕು, ಅವು ಸತ್ತರೆ ಕ್ಯಾಮೆರಾನೂ ಸುಮ್ಮನೆ.

ಯಾವುದೇ ಆಗಲಿ, ಹಿಂಬಾಗಿಲು ತೆಗೆದು ಅಂಚಿನ ಫೋಮ್ ಮುಟ್ಟಿ. ಬೆರಳಿಗೆ ಕಪ್ಪು ಅಂಟು ಹತ್ತಿದರೆ ಹೆದರಬೇಡಿ, ಹೊಸ ಫೋಮ್ ಅಂಟಿಸಬಹುದು. ಲೆನ್ಸ್ ಒಳಗೆ ಜೇಡರ ಬಲೆಯಂಥ ಬೂಷ್ಟು ಕಂಡರೆ ಮಾತ್ರ ಬೇಡ.

ಪ್ರಶ್ನೆ: ಅಜ್ಜನ ರೋಲೈ 35 ಕ್ಯಾಮೆರಾ ಸಿಕ್ಕಿತು. ಅದರ ಬ್ಯಾಟರಿ ಎಲ್ಲೂ ಇಲ್ಲ. ಲೆನ್ಸೂ ಒಳಗೆ ಹೋಗ್ತಿಲ್ಲ. ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ, ಒತ್ತಿ ನೂಕಬೇಡಿ! ಮೊದಲು ರೀಲ್ ಸುತ್ತುವ ಲಿವರ್ ಎಳೆಯಿರಿ, ಆಮೇಲೆ ಲೆನ್ಸ್ ಬಿಡಿಸುವ ಗುಂಡಿ ಒತ್ತಿ, ತಿರುಗಿಸಿ, ಒಳಗೆ ಕಳಿಸಿ. ಅದರ ಬೆಳಕು ಅಳೆಯುವ ಮೀಟರ್‌ಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ಲೆಕ್ಕ ಕೊಡುತ್ತದೆ. ಶಟರ್‌ಗೆ ಸೆಲ್ ಬೇಡವೇ ಬೇಡ, ಅಲ್ವಾ? 100 ಐಎಸ್‌ಒ (ರೀಲ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ) ರೀಲ್ ಹಾಕಿ, ಬಿಸಿಲಲ್ಲಿ ಕಿಂಡಿ ಎಫ್ 16, ಶಟರ್ 1/125 ಸೆಕೆಂಡ್ ಇಟ್ಟು ಶುರು ಮಾಡಿ.