ಡೇಟಾಬೇಸ್‌ನಿಂದ ನೇರವಾಗಿ ಆರ್ಗ್ ಚಾರ್ಟ್ ತೆಗೆಯಲು ಯಾವ ತಂತ್ರಾಂಶ ಒಳ್ಳೆಯದು?

ಸುಮಾರು 600 ನೌಕರರ ವಿವರ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ, ಯಾರು ಯಾರ ಕೆಳಗೆ ಎಂದು ತೋರಿಸುವ ಹೊಸ ಚಾರ್ಟ್ ತಿಂಗಳಿಗೊಮ್ಮೆ ಎಚ್‌ಆರ್‌ಗೆ ಬೇಕು, ಈಗ ಪವರ್‌ಪಾಯಿಂಟ್‌ನಲ್ಲಿ ಕೈಯಿಂದಲೇ ಎಳೆಯುತ್ತಿದ್ದೀರಿ. ಮೈಕ್ರೋಸಾಫ್ಟ್‌ನ ಚಿತ್ರ ಎಳೆಯುವ ತಂತ್ರಾಂಶ ವಿಸಿಯೊ ಕೊಳ್ಳಬೇಕೋ, ಉಚಿತವಾದದ್ದು ಸಾಕೋ ಎಂದು ಕೇಳಿದ್ದೀರಿ. ಕಚೇರಿಯಲ್ಲಿ ವಿಸಿಯೊ ಈಗಾಗಲೇ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಇದೊಂದಕ್ಕಾಗಿ ಕೊಳ್ಳಬೇಡಿ, ಉಚಿತವಾದ ಡ್ರಾ.ಐಒ ಸಾಕು. ಆದರೆ ಯಾವುದನ್ನು ಆರಿಸಿಕೊಂಡರೂ ಚಾರ್ಟ್ ಕೆಡುವುದು ಹೆಚ್ಚಾಗಿ ಟೇಬಲ್‌ನಿಂದಲೇ. ಹಾಗಾಗಿ ಮೊದಲು ಅಲ್ಲಿಗೆ ಬನ್ನಿ.

ಇಂಥ ತಂತ್ರಾಂಶಗಳಿಗೆ ಮುಖ್ಯವಾಗಿ ಬೇಕಾಗುವುದು ಮೂರು ಕಾಲಂ: ನೌಕರ ಸಂಖ್ಯೆ, ಹೆಸರು, ಮೇಲಧಿಕಾರಿಯ ನೌಕರ ಸಂಖ್ಯೆ. ಮೇಲಧಿಕಾರಿಯ ಹೆಸರನ್ನಲ್ಲ, ಸಂಖ್ಯೆಯನ್ನೇ ಕೊಡಿ. ಮಂಜುನಾಥ ಎಂಬುವರು ಇಬ್ಬರಿದ್ದರೆ ಒಬ್ಬರ ತಂಡ ಇನ್ನೊಬ್ಬರ ಕೆಳಗೆ ಹೋಗಿ ಕೂರುತ್ತದೆ, ಯಾರಿಗೂ ಬೇಗ ಗೊತ್ತಾಗುವುದೂ ಇಲ್ಲ. ಇಷ್ಟೇ ಕಾಲಂಗಳ ಜೊತೆಗೆ ಹುದ್ದೆ, ವಿಭಾಗ ಸೇರಿಸಿ ಒಂದು ವ್ಯೂ (ಟೇಬಲ್‌ನ ಆಯ್ದ ಕಾಲಂಗಳನ್ನಷ್ಟೇ ತೋರಿಸುವ ನೋಟ) ಮಾಡಿ, ಅದನ್ನು ಓದಲು ಮಾತ್ರ ಅನುಮತಿ ಇರುವ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ. ಸಂಬಳ, ಮೊಬೈಲ್ ಸಂಖ್ಯೆಗಳು ಆ ವ್ಯೂನಲ್ಲಿ ಇರಲೇಬಾರದು.

ಆಮೇಲೆ ಮೂರು ತಪಾಸಣೆ. ಒಂದು, ಮೇಲಧಿಕಾರಿ ಕಾಲಂ ಖಾಲಿ ಇರುವವರು ಎಷ್ಟು ಜನ? ಒಬ್ಬರೇ ಇರಬೇಕು. ಎಷ್ಟೋ ಕಡೆ ಎಂಡಿಗೆ ಅವರದೇ ಸಂಖ್ಯೆಯನ್ನು ತುಂಬಿರುತ್ತಾರೆ; ಅದನ್ನು ತೆಗೆದು ಖಾಲಿ ಬಿಡಿ. ಎರಡು, ಟೇಬಲ್ ಅನ್ನು ಅದರೊಂದಿಗೇ ಲೆಫ್ಟ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡಿ, ಮೇಲಧಿಕಾರಿಯ ಸಂಖ್ಯೆ ಇದ್ದೂ ಆ ವ್ಯಕ್ತಿಯ ಸಾಲು ಸಿಗದವರನ್ನು ಹುಡುಕಿ. ಕೆಲಸದಲ್ಲಿರುವವರನ್ನು ಮಾತ್ರ ಆರಿಸುವ ಷರತ್ತು ಹಾಕಿದಾಗ, ರಾಜೀನಾಮೆ ಕೊಟ್ಟುಹೋದ ಮ್ಯಾನೇಜರ್ ಬಿಟ್ಟುಹೋಗುತ್ತಾರೆ, ಅವರ ಕೆಳಗಿನವರೆಲ್ಲ ಗಾಳಿಯಲ್ಲಿ ಉಳಿಯುತ್ತಾರೆ. ಮೂರು, ಅ ಎನ್ನುವವರಿಗೆ ಆ, ಆ ಎನ್ನುವವರಿಗೆ ಅ ಮೇಲಧಿಕಾರಿಯಾಗಿರುವ ಸುತ್ತು. ಮೈಎಸ್‌ಕ್ಯೂಎಲ್ 8.0 ಇದ್ದರೆ ವಿತ್ ರಿಕರ್ಸಿವ್ (ಒಂದು ಹಂತದ ಫಲಿತಾಂಶದಿಂದ ಮುಂದಿನ ಹಂತವನ್ನು ಹುಡುಕುವ ಕ್ವೆರಿ) ಬಳಸಿ ಮೇಲಿನವರಿಂದ ಕೆಳಗಿಳಿಯುತ್ತ ಎಣಿಸಿ. 600ಕ್ಕೆ 587 ಬಂದರೆ ಉಳಿದ 13 ಜನ ಒಂದೋ ಸುತ್ತಿನಲ್ಲಿದ್ದಾರೆ, ಇಲ್ಲವೇ ತಲೆಯಿಲ್ಲದ ತಂಡದಲ್ಲಿದ್ದಾರೆ. ಪ್ರತಿಯೊಬ್ಬರಿಗೂ ಒಬ್ಬರೇ ಮೇಲಧಿಕಾರಿ ಇರುವುದರಿಂದ ತುದಿಯಿಂದ ಹೊರಟ ಎಣಿಕೆ ಸುತ್ತಿನೊಳಗೆ ಕಾಲಿಡುವುದೇ ಇಲ್ಲ, ಕ್ವೆರಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಆದರೆ ಎಂಡಿಯ ಸಂಖ್ಯೆಯಿಂದ ಎಣಿಕೆ ಶುರುಮಾಡಿ, ಅವರಿಗೆ ಅವರೇ ಮೇಲಧಿಕಾರಿ ಎಂದು ಉಳಿದಿದ್ದರೆ ಮಾತ್ರ ಅದು ಸುತ್ತುತ್ತಲೇ ಹೋಗಿ, 1000 ಹಂತದ ಮಿತಿ ಮುಟ್ಟಿ ದೋಷ ತೋರಿಸುತ್ತದೆ. ಮೈಎಸ್‌ಕ್ಯೂಎಲ್ 5.7ರಲ್ಲಿ ಈ ಸೌಲಭ್ಯವಿಲ್ಲ. ಮೊದಲೆರಡು ತಪಾಸಣೆ ಅಲ್ಲೂ ನಡೆಯುತ್ತವೆ.

ನಿಮ್ಮಲ್ಲಿ ವರ್ಗಾವಣೆ, ಖಾಲಿ ಹುದ್ದೆ ಜಾಸ್ತಿ ಇದ್ದರೆ ಚಾರ್ಟನ್ನು ವ್ಯಕ್ತಿಗಳ ಮೇಲೆ ಕಟ್ಟಬೇಡಿ, ಹುದ್ದೆಗಳ ಮೇಲೆ ಕಟ್ಟಿ. ಹುದ್ದೆಗಳದ್ದೇ ಒಂದು ಟೇಬಲ್, ಅದರಲ್ಲಿ ಮೇಲಿನ ಹುದ್ದೆಯ ಸಂಖ್ಯೆ. ಅದಕ್ಕೆ ನೌಕರರನ್ನು ಲೆಫ್ಟ್ ಜಾಯಿನ್ ಮಾಡಿದರೆ ಆಳಿಲ್ಲದ ಕಡೆ ‘ಖಾಲಿ’ ಎಂದು ತೋರಿಸಬಹುದು, ತಂಡವೂ ಚದುರುವುದಿಲ್ಲ. ಪ್ರಭಾರದಲ್ಲಿರುವವರ ಹೆಸರು ಎರಡು ಕಡೆ ಬರುತ್ತದೆ. ಅದು ತಪ್ಪಲ್ಲ, ಬರಬೇಕಾದದ್ದೇ.

ಈಗ ಡ್ರಾ.ಐಒ. ವ್ಯೂನಿಂದ ಬಂದ ಸಾಲುಗಳನ್ನು ಮೊದಲು ಸಿಎಸ್‌ವಿಯಾಗಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ತೆಗೆದುಕೊಳ್ಳಿ. ಅರೇಂಜ್ ಮೆನುವಿನ ಇನ್ಸರ್ಟ್ ಒಳಗೆ ಸಿಎಸ್‌ವಿ ಆಯ್ಕೆ ಇದೆ. ತೆರೆದ ಕಿಟಕಿಯಲ್ಲಿ ಒಂದು ಮಾದರಿ ಇರುತ್ತದೆ; ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಸೆಟ್ಟಿಂಗ್, ಅದರ ಕೆಳಗಿನದು ಡೇಟಾ; ಅಲ್ಲಿ ನಿಮ್ಮ ಸಾಲುಗಳನ್ನು ಅಂಟಿಸಿ. ಕನೆಕ್ಟ್ ಸಾಲು ಮಾದರಿಯಲ್ಲಿ ಹೆಸರಿನಿಂದ ಜೋಡಿಸುತ್ತದೆ, ಅದನ್ನು ನೌಕರ ಸಂಖ್ಯೆಗೆ ಬದಲಿಸಿ. ಅಲ್ಲಿಯ ಇನ್ವರ್ಟ್ ಟ್ರೂ ಎಂಬುದನ್ನು ಅಳಿಸಬೇಡಿ, ಅಳಿಸಿದರೆ ಗೆರೆ ಕೆಳಗಿನವರಿಂದ ಮೇಲಕ್ಕೆ ಹೊರಟು ಮರದ ಜೋಡಣೆ ಕೆಡುತ್ತದೆ. ಲೇಔಟ್ ಸಾಲಿನಲ್ಲಿ ವರ್ಟಿಕಲ್‌ಟ್ರೀ ಎಂದು ಕೊಡಿ. ಕಾಲಂಗೆ ಬರೀ ‘ಐಡಿ’ ಎಂಬ ಹೆಸರಿಡಬೇಡಿ, ಅದು ಡ್ರಾ.ಐಒ ತನಗಾಗಿ ಕಾಯ್ದಿರಿಸಿಕೊಂಡ ಪದ. ಐಡೆಂಟಿಟಿ ಸಾಲಿನಲ್ಲಿ ನೌಕರ ಸಂಖ್ಯೆಯ ಕಾಲಂ ಹೆಸರು ಕೊಟ್ಟಿದ್ದರೆ ಮುಂದಿನ ತಿಂಗಳು ಅದೇ ಚಿತ್ರಕ್ಕೆ ಹೊಸ ಡೇಟಾ ತಂದಾಗ ಹಳೆಯ ಪೆಟ್ಟಿಗೆಗಳೇ ಪರಿಷ್ಕಾರಗೊಳ್ಳುತ್ತವೆ. ಡೆಸ್ಕ್‌ಟಾಪ್ ಆವೃತ್ತಿ ಇಂಟರ್ನೆಟ್ ಇಲ್ಲದೆಯೂ ನಡೆಯುವುದರಿಂದ ನೌಕರರ ವಿವರ ಕಚೇರಿಯ ಹೊರಗೆ ಹೋಗುವುದಿಲ್ಲ. ನಾನು ಇದನ್ನು ಮುಂದಿಡಲು ಅದೂ ಒಂದು ಮುಖ್ಯ ಕಾರಣ.

ವಿಸಿಯೊದ ಆರ್ಗನೈಸೇಶನ್ ಚಾರ್ಟ್ ವಿಜರ್ಡ್ ವಿಂಡೋಸ್ ಡೆಸ್ಕ್‌ಟಾಪ್ ಆವೃತ್ತಿಯಲ್ಲಿದೆ. ಬ್ರೌಸರ್‌ನಲ್ಲಿ ನಡೆಯುವ ಅಗ್ಗದ ಯೋಜನೆ ತೆಗೆದುಕೊಂಡು ಮೋಸಹೋಗಬೇಡಿ. ಎಕ್ಸೆಲ್, ಸಿಎಸ್‌ವಿ ಅಲ್ಲದೆ ಒಡಿಬಿಸಿ (ತಂತ್ರಾಂಶವನ್ನು ಡೇಟಾಬೇಸ್‌ಗೆ ಜೋಡಿಸುವ ಸೇತು) ಮೂಲಕ ನೇರ ಡೇಟಾಬೇಸ್‌ನಿಂದಲೂ ಓದುತ್ತದೆ, ಆದರೆ ಆಫೀಸ್ 32 ಬಿಟ್ ಆಗಿದ್ದರೆ ಒಡಿಬಿಸಿ ಡ್ರೈವರ್ ಕೂಡ 32 ಬಿಟ್ ಇರಬೇಕು. ಇದು ಹೊಂದದಿದ್ದರೆ ಸಂಪರ್ಕವೇ ಆಗುವುದಿಲ್ಲ. ಇದರ ನಿಜವಾದ ಅನುಕೂಲ ಫೋಟೊ: ಒಂದು ಫೋಲ್ಡರ್ ತೋರಿಸಿದರೆ ಫೈಲಿನ ಹೆಸರನ್ನು ಕಾಲಂ ಜೊತೆ ಹೊಂದಿಸಿ ಪೆಟ್ಟಿಗೆಯಲ್ಲಿ ಹಾಕುತ್ತದೆ. ನಡುವೆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ 00417 ಎಂಬುದು 417 ಆಗಿಬಿಡುತ್ತದೆ, ಆಗ ಫೋಟೊ ಸಿಗದು. ಇನ್ನೊಂದು, ವಿಜರ್ಡ್ ಪ್ರತಿ ಸಲ ಹೊಸ ಚಿತ್ರ ಮಾಡುತ್ತದೆ. ಕೈಯಿಂದ ಮಾಡಿದ ಅಲಂಕಾರ ಹೋದಂತೆಯೇ.

ಗೂಗಲ್ ಶೀಟ್ಸ್‌ನಲ್ಲೂ ಆರ್ಗ್ ಚಾರ್ಟ್ ಇದೆ, ಆದರೆ ಅದು ಮೂವತ್ತು ನಲವತ್ತು ಜನರಿಗೆ ಸರಿ. ನಿಮ್ಮಲ್ಲಿ ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರುವವರಿದ್ದರೆ ಪಠ್ಯದಿಂದ ಚಿತ್ರ ಮಾಡುವ ಗ್ರಾಫ್‌ವಿಜ್ ನೋಡಿ: ಒಂದು ಸಣ್ಣ ಸ್ಕ್ರಿಪ್ಟ್ ಅದು ಓದುವ ಡಾಟ್ ಫೈಲ್ ಬರೆದರೆ ಸಾಕು, ರಾತ್ರಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ವ್ಯವಸ್ಥೆ) ತಾನೇ ಪಿಡಿಎಫ್ ಮಾಡಿಡುತ್ತದೆ. ಒಬ್ಬರು ಇಬ್ಬರಿಗೆ ವರದಿ ಮಾಡುವುದನ್ನು ಚುಕ್ಕಿಗೆರೆಯಲ್ಲಿ ತೋರಿಸಲೂ ಇದೇ ಸುಲಭ. ಆ ಗೆರೆಗೆ ಕನ್‌ಸ್ಟ್ರೇಂಟ್ ಫಾಲ್ಸ್ ಎಂದು ಕೊಡಿ, ಮರದ ಆಕಾರ ಅಲುಗಾಡುವುದಿಲ್ಲ.

600 ಜನರನ್ನು ಒಂದೇ ಹಾಳೆಯಲ್ಲಿ ತೋರಿಸಿ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಎ3 ಹಾಳೆಯ ಅಗಲ 420 ಮಿಮೀ, ಅಂಚು ಕಳೆದು 400. ಓದಲು ಬರುವ ಪೆಟ್ಟಿಗೆಗೆ 35 ಮಿಮೀ, ನಡುವೆ 5 ಮಿಮೀ ಜಾಗ ಎಂದರೆ ಒಂದು ಸಾಲಿಗೆ 10 ಪೆಟ್ಟಿಗೆ. ಆದ್ದರಿಂದ ಮೇಲಿನ ಎರಡು ಹಂತಕ್ಕೆ ಒಂದು ಪುಟ, ವಿಭಾಗಕ್ಕೊಂದು ಪುಟ ಮಾಡಿ. ಕೊನೆಯ ಹಂತದವರನ್ನು ಅಡ್ಡಕ್ಕೆ ಹರಡದೆ ಒಂದೇ ಪೆಟ್ಟಿಗೆಯಲ್ಲಿ ಪಟ್ಟಿಯಾಗಿ ಬರೆಯಿರಿ.

ಹೆಸರುಗಳು ಕನ್ನಡದಲ್ಲಿದ್ದರೆ ಸಿಎಸ್‌ವಿಯನ್ನು ಯುಟಿಎಫ್-8ರಲ್ಲಿ ಉಳಿಸಿ, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡದೆ ಡೇಟಾ ಟ್ಯಾಬ್‌ನಿಂದ ತೆರೆಯಿರಿ. ಗ್ರಾಫ್‌ವಿಜ್‌ಗೆ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಹೆಸರನ್ನು ಸ್ಪಷ್ಟವಾಗಿ ಕೊಡಿ. ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಚೆದುರಿ ಬಂದರೆ ಚಿತ್ರವನ್ನು ಎಸ್‌ವಿಜಿಯಾಗಿ ತೆಗೆದು, ಬ್ರೌಸರ್‌ನಲ್ಲಿ ತೆರೆದು, ಅಲ್ಲಿಂದ ಪ್ರಿಂಟ್ ಮೂಲಕ ಪಿಡಿಎಫ್ ಮಾಡಿ.