ಬೋರ್ ನೀರಲ್ಲಿ ಎರಡು ಎಕರೆ ಭತ್ತ? ಮೊದಲು ಡ್ರಮ್ ಇಟ್ಟು ಅಳೆಯಿರಿ

ನಾಲೆಯ ಕೊನೇ ಭಾಗದಿಂದ ಪ್ರತಿ ಹಂಗಾಮಿಗೂ ಬರುವುದು ಇದೇ ಪ್ರಶ್ನೆ, ಊರು ಮಾತ್ರ ಬೇರೆ. ಈ ಸಲ ರೈತರೊಬ್ಬರ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರ ಬರೆದಿದ್ದೇನೆ, ಕೊನೆಯಲ್ಲಿ ಇನ್ನೂ ಕೆಲವರ ಪ್ರಶ್ನೆಗಳಿವೆ. ಗೊಬ್ಬರದ ಪ್ರಮಾಣ, ಬೀಜೋಪಚಾರ ಕೇಳಿದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಮಳವಳ್ಳಿ ತಾಲ್ಲೂಕಿನಲ್ಲಿ ಎರಡು ಎಕರೆ ಗದ್ದೆ ಇದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡ್ತಾರೆ, ನಮ್ಮ ತೂಬಿಗೆ ಬರೋದೇ ಅನುಮಾನ. ಬೋರ್‌ನಲ್ಲಿ ಎರಡಿಂಚು ನೀರಿದೆ. ಭತ್ತ ನಾಟಿ ಮಾಡಬಹುದಾ?

ಎರಡಿಂಚು ಅಂದರೆ ಪೈಪಿನ ಬಾಯಿಯೋ, ಕೊರೆದ ದಿನ ಬೋರ್ ಲಾರಿಯವರು ಹೇಳಿದ ಮಾತೋ? ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಮೋಟರ್ ಹಾಕಿ ಎರಡು ಗಂಟೆ ಓಡಲಿ. ಆಮೇಲೆ ಪೈಪಿನ ಕೆಳಗೆ 200 ಲೀಟರ್ ಡ್ರಮ್ ಇಟ್ಟು ಮೊಬೈಲಿನಲ್ಲಿ ಸೆಕೆಂಡು ನೋಡಿ. ಶುರುವಿನಲ್ಲೇ ಹಿಡಿದರೆ ರಾತ್ರಿಯೆಲ್ಲ ಬೋರ್‌ನೊಳಗೆ ಶೇಖರವಾದ ನೀರನ್ನು ಅಳೆದ ಹಾಗಾಗುತ್ತದೆ, ಅಷ್ಟೆ.

ಡ್ರಮ್ 100 ಸೆಕೆಂಡಿಗೆ ತುಂಬಿತು ಅನ್ನಿ. ಗಂಟೆಗೆ 7,200 ಲೀಟರ್. ತ್ರೀ ಫೇಸ್ ಕರೆಂಟ್ ಏಳು ಗಂಟೆ ಕೊಟ್ಟರೆ (ಕೊಟ್ಟರೆ!) ದಿನಕ್ಕೆ ಸುಮಾರು 50,000. ಎಕರೆ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಲ್ಲಿಸಲು 4,000 ಲೀಟರ್ ಬೇಕು. ಗದ್ದೆ ನೆನೆಸಿ ಕೆಸರು ಮಾಡುವುದಕ್ಕೇ ಸುಮಾರು 200 ಮಿ.ಮೀ. ಹೋಗುತ್ತದೆ, ಅಂದರೆ ಎಕರೆಗೆ ಎಂಟು ಲಕ್ಷ ಲೀಟರ್. ನಿಮ್ಮ ಬೋರ್‌ಗೆ ಅದು ಹದಿನಾರು ದಿನದ ಕೆಲಸ. ಎರಡನೇ ಎಕರೆ ನೆನೆಯುವಷ್ಟರಲ್ಲಿ ಮೊದಲನೆಯದು ಬಿರುಕು ಬಿಟ್ಟಿರುತ್ತದೆ. ನಾಟಿಯಾದ ಮೇಲೆ ಆರುವುದು, ಇಂಗುವುದು ಸೇರಿ ದಿನಕ್ಕೆ 10 ಮಿ.ಮೀ. ಹಿಡಿಯಿರಿ, ಕೆಂಪು ಮಣ್ಣಾದರೆ ಇನ್ನೂ ಜಾಸ್ತಿ. ಎರಡು ಎಕರೆಗೆ 80,000 ಲೀಟರ್ ಬೇಕು, ಇರುವುದು 50,000. ಮಿಕ್ಕಿದ್ದನ್ನು ಮಳೆರಾಯ ಕೊಡುತ್ತಾನೆ ಅನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಭತ್ತ ಬೇಡ. ರಾಗಿ ನಾಟಿ ಮಾಡಿ. ದಿನಕ್ಕೆ ನಾಲ್ಕೈದು ಮಿ.ಮೀ. ಸಾಕು, ಎರಡು ಎಕರೆಗೂ ಇದೇ ಬೋರ್ ಆಗುತ್ತದೆ. ಹೊತ್ತಿಗೆ ಸರಿಯಾಗಿ ಹಾಕುವುದಾದರೆ ಜಿಪಿಯು-28 ತಳಿ, ಬೆಂಕಿರೋಗ ತಡೆಯುತ್ತದೆ. ತಡವಾದರೆ ಕೆಎಂಆರ್-204ರಂಥ ಅಲ್ಪಾವಧಿ ತಳಿ. ತೆಂಡೆ (ಬುಡದ ಮರಿ) ಒಡೆಯುವಾಗ, ತೆನೆ ಬರುವಾಗ, ಕಾಳು ಹಾಲುಕಟ್ಟುವಾಗ ನೀರು ತಪ್ಪಿಸಬೇಡಿ. ‘ರಾಗಿ ಬೆಳೆದರೆ ಏನು ಸಿಗುತ್ತೆ?’ ಅನ್ನುವ ಮಾತು ಹಳೆಯದಾಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ರಾಗಿಗೆ 4,886 ರೂ., ಸಾಮಾನ್ಯ ಭತ್ತಕ್ಕೆ 2,369. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದನ್ನು ಮಾತ್ರ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮನೆ ಊಟಕ್ಕೆ ಭತ್ತ ಬೇಕೇ ಬೇಕೆಂದರೆ ಅರ್ಧ ಎಕರೆಗೆ ನಿಲ್ಲಿಸಿ. ಅದರಲ್ಲೂ ಸದಾ ನೀರು ನಿಂತಿರಬೇಕಿಲ್ಲ. ಒಂದಡಿ ಪಿವಿಸಿ ಪೈಪಿನ ತುಂಡಿಗೆ ಕೆಳಗಿನ ಅರ್ಧದಲ್ಲಿ ತೂತು ಕೊರೆದು, ಅಷ್ಟನ್ನು ಗದ್ದೆಯಲ್ಲಿ ಹೂಳಿ ಒಳಗಿನ ಮಣ್ಣು ತೆಗೆಯಿರಿ. ನಾಟಿಯಾದ ಎರಡು ವಾರ ತೆಳುವಾಗಿ ನೀರಿರಲಿ, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಆಮೇಲೆ ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ ಅರ್ಧ ಅಡಿ ಇಳಿದಾಗ ಮತ್ತೆ ಹಾಯಿಸಿದರೆ ಸಾಕು. ಹೂವಾಡುವ ಹೊತ್ತಿಗೆ ಎರಡಿಂಚು ನಿಲ್ಲಿಸಿ. ಬದುವಿನಲ್ಲಿ ಏಡಿ ಬಿಲವಿದ್ದರೆ ಈ ಲೆಕ್ಕವೆಲ್ಲ ಬಿಲದ ಪಾಲು, ಮೊದಲು ಅದನ್ನು ಮುಚ್ಚಿ.

ಕನ್ನಂಬಾಡಿಯಲ್ಲಿ (ಕೆಆರ್‌ಎಸ್) 100 ಅಡಿ ನೀರಿದೆ. ಬೇಸಿಗೆ ಭತ್ತಕ್ಕೆ ಒಟ್ಲು (ಸಸಿಮಡಿ) ಬಿಡಲಾ?

ಭರ್ತಿ ಮಟ್ಟ 124.80 ಅಡಿ, ಅದಕ್ಕೆ 100 ಅಂದರೆ ನೂರಕ್ಕೆ ಎಂಬತ್ತು ಪಾಲು ಅಂದುಕೊಂಡಿರಾ? ಅಣೆಕಟ್ಟೆಯ ಹಿಂದಿನ ನೀರಿನ ಹರವು ಮೇಲೆ ಹೋದಷ್ಟೂ ಅಗಲ. 100 ಅಡಿಯಲ್ಲಿ ಇರುವುದು ಪೂರ್ತಿ ತುಂಬಿದಾಗಿನ 49.45 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅರ್ಧಕ್ಕಿಂತ ಕಡಿಮೆ. ನೀರಾವರಿ ಸಲಹಾ ಸಮಿತಿ ತೀರ್ಮಾನ ಹೊರಬೀಳುವ ತನಕ ಒಟ್ಲು ಬಿಡಬೇಡಿ.

ತರಗು (ಕಬ್ಬಿನ ಒಣಗರಿ) ಸುಟ್ಟರೆ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಬರುವ ಬೆಳೆ) ಚೆನ್ನಾಗಿ ಚಿಗುರುತ್ತೆ ಅಂತಾರಲ್ಲ?

ಚಿಗುರುತ್ತದೆ, ಆಮೇಲೆ ಬಾಯಾರುತ್ತದೆ. ಸುಡದೆ ಸಾಲಿನ ನಡುವೆ ಹರಡಿ, ತೇವ ಉಳಿಯುತ್ತದೆ.

ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲಿ ಬೋರ್ ಹಾಕಿಸಬಹುದಾ?

ಕಾಯಿಯನ್ನು ಚಟ್ನಿಗೆ ಇಟ್ಟುಕೊಳ್ಳಿ. ನಮ್ಮದು ಗಟ್ಟಿ ಬಂಡೆಯ ಸೀಮೆ, ಆಳದ ನೀರು ಬಿರುಕುಗಳಲ್ಲಿದೆ. ಭೂವಿಜ್ಞಾನಿಯ ಸರ್ವೆಯೂ ತಪ್ಪುವುದುಂಟು. ಆದರೆ ಸಾವಿರ ಅಡಿ ಒಣಗಿ ಬಂದ ಮೇಲೆ ‘ನಿಮ್ಮ ಗ್ರಹಚಾರ’ ಅಂತ ಅವರು ಹೇಳುವುದಿಲ್ಲ. ಪೈಪಿಗೆ ಅಯಸ್ಕಾಂತ ಕಟ್ಟಿದರೆ ನೀರು ಅರ್ಧ ಸಾಕು ಅಂತ ಮಾರುವವರಿಗೂ ಇದೇ ಉತ್ತರ.

ಭತ್ತ ಕೊಯ್ದ ಗದ್ದೆಯ ತೇವದಲ್ಲಿ ಏನು ಹಾಕಲಿ?

ಉದ್ದು, ಹೆಸರು, ಅಲಸಂದೆ, ಯಾವುದಾದರೂ ಸರಿ. ಕೊಯ್ಲಾದ ಮೂರು ನಾಲ್ಕು ದಿನದೊಳಗೆ ಬಿತ್ತಿ. ಗದ್ದೆ ಬಾಯಿ ಬಿಟ್ಟ ಮೇಲೆ ಬಿತ್ತಿ, ಮೊಳಕೆ ಬರಲಿಲ್ಲ ಅಂತ ನನಗೆ ಬರೆಯಬೇಡಿ.